ಗಂಗಹನುಮಯ್ಯ ಲಾರಿ ತೋರಿಸಿದ್ದು

ಹೇರೋಹಳ್ಳಿಯ ಹಳೇ ಊರಿನ ಕಡೇ ಬೀದಿಯಲ್ಲಿ, ಒಂದು ಖಾಲಿ ಸೈಟಿನೊಳಗೆ, ಪ್ರತಿ ಭಾನುವಾರ ಒಂದು ಜೊತೆ ರಬ್ಬರ್ ಚಪ್ಪಲಿ ಬಿಟ್ಟಿರುತ್ತಿತ್ತು. ಚಪ್ಪಲಿಯ ಪಕ್ಕದಲ್ಲಿ ಒಂದು ಲಾರಿ ನಿಂತಿರುತ್ತಿತ್ತು. ಬಡಾವಣೆಗೆ ಹೊಸದಾಗಿ ಬಂದವರು ಇಲ್ಲೆಲ್ಲೋ ದೇವಸ್ಥಾನ ಇರಬೇಕು ಎಂದು ಸುತ್ತಮುತ್ತ ಕಣ್ಣಾಡಿಸುತ್ತಿದ್ದರು. ದೇವಸ್ಥಾನ ಇರಲಿಲ್ಲ. ಲಾರಿಯ ಕ್ಯಾಬಿನ್ನಿನೊಳಗೆ ಗಂಗಹನುಮಯ್ಯ ಇರುತ್ತಿದ್ದ.

ಲಾರಿ ಅವನದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನು ಅದನ್ನು ನೋಡಿಕೊಳ್ಳುವ ರೀತಿ ಕಂಡವರು ಆಮೇಲೆ ಹೇಳಿದರೆ ನಂಬುವುದಿಲ್ಲ. ಲಾರಿ ನಾಯಂಡಹಳ್ಳಿಯ ದೊಡ್ಡಣ್ಣನವರ ಸಾಗಣೆ ಕಂಪನಿಯದು. ಕಂಪನಿಗೆ ಒಟ್ಟು ಏಳು ಲಾರಿ. ಗೋಡೌನಿನಿಂದ ಟೈಲ್ಸು, ವಾಶ್ ಬೇಸಿನ್ನು, ಕಮೋಡುಗಳನ್ನು ತುಂಬಿಕೊಂಡು ಹೋಗಿ ರಾಜ್ಯದ ಅಂಗಡಿಗಳಿಗೆ ಇಳಿಸಿ ಬರುವುದು ಅವುಗಳ ಕೆಲಸ. ಈ ಏಳರಲ್ಲಿ ನಲವತ್ತನಾಲ್ಕು ಹದಿನೇಳು ನಂಬರಿನ ಗಾಡಿ ಹದಿನಾಲ್ಕು ವರ್ಷದ ಹಿಂದೆ ಶೋರೂಮಿನಿಂದ ಬಂದ ದಿನವೇ ಗಂಗಹನುಮಯ್ಯನ ಕೈಗೆ ಬಂತು. ಅಂದಿನಿಂದ ಬೇರೆ ಯಾರೂ ಅದರ ಸ್ಟೇರಿಂಗ್ ಮುಟ್ಟಿಲ್ಲ.

ಅವನು ಕ್ಯಾಬಿನ್ನಿಗೆ ಹತ್ತುವಾಗ ಚಪ್ಪಲಿ ಬಿಟ್ಟು, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಇದನ್ನು ಬೇಕಾದಷ್ಟು ಡ್ರೈವರುಗಳು ಮಾಡುತ್ತಾರೆ. ಗಂಗಹನುಮಯ್ಯ ಬೇರೆಯವರಿಂದಲೂ ಮಾಡಿಸುತ್ತಿದ್ದ. ಸರಕು ಇಳಿಸುವ ಹಮಾಲಿಗಳಿಂದ ಹಿಡಿದು ಗೋಡೌನಿನ ಮೇಸ್ತ್ರಿಯವರೆಗೆ ಬರಿಗಾಲಿಲ್ಲದೆ ಯಾರಿಗೂ ಪ್ರವೇಶವಿರಲಿಲ್ಲ. ಒಮ್ಮೆ ನೆಲಮಂಗಲದ ಹತ್ತಿರ ತಪಾಸಣೆಗೆ ಹತ್ತಲು ಬಂದ ಇನ್‌ಸ್ಪೆಕ್ಟರಿಗೇ ಬೂಟು ಬಿಚ್ಚಿ ಸಾರ್ ಎಂದಿದ್ದ. ಅವರು ಕೆಂಡಾಮಂಡಲವಾಗಿ ಒಂದೂವರೆ ಗಂಟೆ ಗಾಡಿಯನ್ನು ಜಾಲಾಡಿ, ಒಂದು ಬಲ್ಬೂ ಹೋಗಿಲ್ಲವೆಂದು ಕಂಡು, ಕೊನೆಗೆ ಬೇಸರದಿಂದ ಬಿಟ್ಟು ಕಳಿಸಿದರು.

ಹೆಂಡತಿ ಮುನಿತಾಯಮ್ಮ ಇದಕ್ಕೆಲ್ಲ ಜಗಳವಾಡಿ ಆಡಿ ಸಾಕಾಗಿ ಬಿಟ್ಟುಬಿಟ್ಟಿದ್ದಳು. ತನಗೆ ಜ್ವರ ಬಂದರೆ ಬಾಯಿಬಿಟ್ಟು ಹೇಳಿದರೂ ಈ ಮನುಷ್ಯನಿಗೆ ಗೊತ್ತಾಗುವುದಿಲ್ಲ, ಆ ಗಾಡಿಗೆ ನೆಗಡಿಯಾಗುವ ಮುಂಚಿನ ದಿನವೇ ಗೊತ್ತಾಗುತ್ತದೆ ಎಂದು ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಇದರಿಂದ ಬಹಳ ಸುಖಪಟ್ಟವರು ದೊಡ್ಡಣ್ಣನವರು. ಲಾರಿ ಮಾಲೀಕರ ಸಂಘದ ಸಭೆಯಲ್ಲಿ ಉಳಿದ ಮಾಲೀಕರೆಲ್ಲ ತಮ್ಮ ಡ್ರೈವರುಗಳ ಪುರಾಣ ಬಿಚ್ಚುವಾಗ ಅವರು ಕಾಫಿ ಲೋಟ ಕೆಳಗಿಟ್ಟು, ತಮ್ಮಲ್ಲೊಬ್ಬ ಗಂಗಹನುಮಯ್ಯ ಇದ್ದಾನೆ, ತಮಗೋಸ್ಕರ ಪ್ರಾಣ ಬೇಕಾದರೂ ಕೊಡುತ್ತಾನೆ ಎನ್ನುತ್ತಿದ್ದರು. ಸಂಘದವರು ಆ ವರ್ಷ ಚೆನ್ನಾಗಿಟ್ಟ ಗಾಡಿಗೊಂದು ಶೀಲ್ಡು ಕೊಡುವುದೆಂದು ತೀರ್ಮಾನಿಸಿದಾಗ ಅವನ ಹೆಸರನ್ನು ಮೊದಲು ಬರೆಸಿದವರೂ ಅವರೇ. ಬರೆಸಿ ಬಂದು ಅವನಿಗೆ ಹೇಳಿಯೂ ಇದ್ದರು. ಅಂದಿನಿಂದ ಗಂಗಹನುಮಯ್ಯ ಮನೆಯ ಗೋಡೆಯಲ್ಲಿ ಶೀಲ್ಡಿಗೆ ಜಾಗ ನೋಡಿಟ್ಟಿದ್ದ.

ಆದರೆ ಹದಿನಾಲ್ಕು ವರ್ಷ ಅಂದರೆ ಲಾರಿಗೆ ವಯಸ್ಸಾದ ಹಾಗೇ. ದೊಡ್ಡಣ್ಣನವರು ಹೊಸ ಗಾಡಿ ಬುಕ್ ಮಾಡಿ, ಹಳೆಯದನ್ನು ಮಾರಲು ಮ್ಯಾನೇಜರ್ ಉದಯಕುಮಾರನಿಗೆ ಹೇಳಿದರು. ಗಂಗಹನುಮಯ್ಯನಿಗೆ ಮಾತ್ರ ಹೇಳಲಿಲ್ಲ. ಈ ಧಂದೆಯಲ್ಲಿ ಲಾರಿ ಮಾರುವಾಗ ಡ್ರೈವರಿಗೆ ಮುಂಚಿತವಾಗಿ ಹೇಳುವ ಪದ್ಧತಿಯೇ ಇಲ್ಲ. ಸುದ್ದಿ ತಿಳಿದರೆ ಅವನು ಹೊಸ ಬ್ಯಾಟರಿ ಎತ್ತಿ ಹಳೆಯದು ಕೂರಿಸಿಯಾನು, ಸ್ಟೆಪ್ನಿ ಬದಲಾಯಿಸಿಯಾನು ಎಂದು ಮಾಲೀಕರ ಭಯ. ದೊಡ್ಡಣ್ಣನವರಿಗೆ ಆ ಭಯವಿರಲಿಲ್ಲ, ಅವನ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ ಅಷ್ಟೆ.

ಹೀಗಾಗಿ ಶನಿವಾರ ಮಧ್ಯಾಹ್ನ ಉದಯಕುಮಾರ ಫೋನ್ ಮಾಡಿ, ನಾಳೆ ಹತ್ತು ಗಂಟೆಗೆ ಒಬ್ಬರನ್ನು ಕರೆದುಕೊಂಡು ಬರುತ್ತೇನೆ, ಗಾಡಿ ನೋಡುತ್ತಾರೆ, ಸ್ವಲ್ಪ ಕ್ಲೀನಾಗಿಡು ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಗಾಡಿ ನೋಡಲು ಬರುವವರು ಶೀಲ್ಡು ಕೊಡುವವರಲ್ಲದೆ ಇನ್ಯಾರಾದರೂ ಇರಬಹುದೆಂದು ಗಂಗಹನುಮಯ್ಯ ಯೋಚಿಸಲೂ ಇಲ್ಲ.

ಅವನ ಲಾರಿಯನ್ನು ಕ್ಲೀನಾಗಿಡು ಎನ್ನುವುದು ಬೆಂಕಿಗೆ ಸ್ವಲ್ಪ ಬಿಸಿಯಾಗು ಅಂದ ಹಾಗೆ. ಸಂಜೆಯೊಳಗೆ ಎರಡು ಸಲ ತೊಳೆದಾಯಿತು. ಕಮಾನುಪಟ್ಟಿಯ ಸಂದುಗಳನ್ನು ಹಳೇ ಟೂತ್ ಬ್ರಷ್ಷಿನಿಂದ ತಿಕ್ಕಿದ. ಟೈರುಗಳಿಗೆ ಕೊಬ್ಬರಿ ಎಣ್ಣೆ ಸವರಿದ. ಮುನಿತಾಯಮ್ಮ ತಲೆಗೆ ಹಚ್ಚಿಕೊಳ್ಳಲು ಇಟ್ಟಿದ್ದ ಡಬ್ಬಿ ಖಾಲಿಯಾದದ್ದು ಅವಳಿಗೆ ನಾಲ್ಕನೇ ಟೈರಿನ ಹೊತ್ತಿಗೆ ಗೊತ್ತಾಯಿತು.

ಎದುರುಮನೆಯ ಮೂರನೇ ಮಹಡಿಯಿಂದ ಕೋಕಿಲಾ ಮೇಡಂ ಇದನ್ನು ನೋಡುತ್ತಿದ್ದರು. ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ವಸತಿ ಪ್ರದೇಶದಲ್ಲಿ ಲಾರಿ ನಿಲ್ಲಿಸುತ್ತಾರೆ ಎಂದು ಎರಡು ವರ್ಷದಿಂದ ಫೋಟೋ ಸಮೇತ ದೂರು ಕಳಿಸುತ್ತಿದ್ದವರು. ಆದರೆ ಟೈರಿಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಅವರ ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಎಲ್ಲೂ ಕಂಡಿರಲಿಲ್ಲ, ಕಾರಣ ತಿಳಿಯದೆ ಅವರಿಗೆ ಊಟ ಸೇರುವಂತಿರಲಿಲ್ಲ. ಇಳಿದು ಬಂದು ಕೇಳಿದರು. ಶೀಲ್ಡು ಎಂಬ ಪದ ಕಿವಿಗೆ ಬಿದ್ದ ಕೂಡಲೇ ಅವರೊಳಗಿನ ಹೆಡ್‌ಮಿಸ್ಟ್ರೆಸ್ಸು ಎದ್ದು ಕೂತಳು. ಪರಿಶೀಲನೆಗೆ ಬರುವವರಿಗೆ ಬಾಯಿಮಾತು ಸಾಲದು, ಚಾರ್ಟು ಇರಬೇಕು ಎಂದರು. ಗಂಗಹನುಮಯ್ಯ ಹೇಳಿದ ಹಾಗೆ ಡ್ರಾಯಿಂಗ್ ಶೀಟಿನ ಮೇಲೆ ಮೂರು ಬಣ್ಣದಲ್ಲಿ "ವಾಹನದ ಪರಿಚಯ" ಬರೆದರು. ದೂರು ಕೊಟ್ಟ ವಿಷಯ ಎರಡೂ ಕಡೆಯವರೂ ಎತ್ತಲಿಲ್ಲ.

ಭಾನುವಾರ ಹತ್ತಕ್ಕೆ ಉದಯಕುಮಾರನ ಜೊತೆ ಬಂದವರು ತಿಪಟೂರಿನ ತೆಂಗಿನಕಾಯಿ ವ್ಯಾಪಾರಿ ಚನ್ನವೀರೇಶ್. ಅರವತ್ತು ದಾಟಿದ ಮನುಷ್ಯ, ಬಿಳಿ ಪಂಚೆ, ಮಾತು ಕಮ್ಮಿ. ಜೀವಮಾನದಲ್ಲಿ ಹನ್ನೊಂದು ಹಳೇ ಲಾರಿ ಕೊಂಡವರು, ಒಂದರಲ್ಲೂ ಮೋಸ ಹೋದವರಲ್ಲ. ಅದಕ್ಕೆ ಕಾರಣ ಅವರು ಇಂಜಿನ್ನಿಗಿಂತ ಹೆಚ್ಚಾಗಿ ಡ್ರೈವರನ ಬಾಯಿ ನೋಡುತ್ತಿದ್ದರು. ಮಾರುವ ಗಾಡಿಯನ್ನು ಡ್ರೈವರು ಹೊಗಳಿದನೆಂದರೆ ಮಾಲೀಕ ಹೇಳಿಕೊಟ್ಟಿದ್ದಾನೆ, ಒಳಗೆ ಏನೋ ಹುಳುಕಿದೆ ಎಂದು ಅವರ ಲೆಕ್ಕ. ಬೈದನೆಂದರೆ ಅವನಿಗೆ ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಅಂಥ ಗಾಡಿಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಈ ಲೆಕ್ಕ ಗಂಗಹನುಮಯ್ಯನಿಗೆ ಗೊತ್ತಿರಲಿಲ್ಲ. ಅವನು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಲಾರಿಯ ಮೂತಿಗೆ ಚೆಂಡುಹೂವಿನ ಹಾರ ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು ನಿಂತಿದ್ದ. ಬೀದಿಯ ಅರ್ಧ ಜನ ಕಾಂಪೌಂಡಿನ ಮೇಲೆ ಕೂತಿದ್ದರು. ಮುನಿತಾಯಮ್ಮ ಸೈಟಿನ ಪಕ್ಕದ ತಮ್ಮ ಮನೆಯಿಂದ ಬಂದವರಿಗೆ ಮಜ್ಜಿಗೆ ತಂದುಕೊಟ್ಟಳು. ಚನ್ನವೀರೇಶ್ ಲೋಟ ಹಿಡಿದುಕೊಂಡು, ಹನ್ನೊಂದು ಲಾರಿ ಕೊಂಡರೂ ಹೀಗೆ ಹಾರ ಹಾಕಿಕೊಂಡ ಲಾರಿಯನ್ನು ಎಲ್ಲಿಯೂ ನೋಡಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿದರು.

ಗಂಗಹನುಮಯ್ಯ ಶುರುಮಾಡಿದ. ಹದಿನಾಲ್ಕು ವರ್ಷದಲ್ಲಿ ಗಾಡಿ ದಾರಿಯಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ ಎಂದ. ಚಾರ್ಮಾಡಿ ಘಾಟಿಯಲ್ಲಿ ಇಡೀ ಲೋಡು ಕಮೋಡು ಇಟ್ಟುಕೊಂಡು ಇಳಿದಿದ್ದೇನೆ, ಒಂದರ ಮುಚ್ಚಳವೂ ಅಲುಗಿಲ್ಲ ಎಂದ. ಇಂಜಿನ್ ಮೇಲೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ನಾಣ್ಯ ಬೀಳುವುದಿಲ್ಲ ಎಂದ. ಅವನು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಕೋಕಿಲಾ ಮೇಡಂ ಸ್ಕೇಲು ಹಿಡಿದು ಚಾರ್ಟು ಓದಿದರು. ಒಂದೊಂದು ಸಾಲಿಗೂ ಕಾಂಪೌಂಡಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಬಿದ್ದ ಹಾಗೆಲ್ಲ ಚನ್ನವೀರೇಶರ ಮುಖ ಗಟ್ಟಿಯಾಗುತ್ತಾ ಹೋಯಿತು. ಡ್ರೈವರಿಗೆ ಹೇಳಿಕೊಡುವವರನ್ನು ಅವರು ನೋಡಿದ್ದರು, ಇಡೀ ಬೀದಿಗೇ ಹೇಳಿಕೊಟ್ಟು, ಚಾರ್ಟು ಬೇರೆ ಬರೆಸಿದ ಮಾಲೀಕನನ್ನು ನೋಡಿರಲಿಲ್ಲ. ಇಷ್ಟು ಏರ್ಪಾಡು ಮಾಡಬೇಕಾದರೆ ಈ ಗಾಡಿ ಎಂಥ ಕೊಲೆ ಮಾಡಿರಬಹುದು ಎಂದು ಅವರಿಗೆ ಕುತೂಹಲವೂ ಆಯಿತು, ಭಯವೂ ಆಯಿತು. ಲೋಟ ಕೆಳಗಿಟ್ಟು ಉದಯಕುಮಾರನನ್ನು ಪಕ್ಕಕ್ಕೆ ಕರೆದು, ಇದು ಬೇಡ ಬಿಡಿ ಎಂದು ಹೇಳಿ ನಡೆದುಬಿಟ್ಟರು.

ಅದೇ ಹೊತ್ತಿಗೆ ಗಂಗಹನುಮಯ್ಯ ಉದಯಕುಮಾರನ ಹತ್ತಿರ ಬಂದು, ಶೀಲ್ಡು ಇಲ್ಲಿಯೇ ಕೊಡುತ್ತಾರೋ ಸಭೆ ಮಾಡಿ ಕೊಡುತ್ತಾರೋ ಎಂದು ಮೆಲ್ಲಗೆ ವಿಚಾರಿಸಿದ. ಉದಯಕುಮಾರನಿಗೆ ತಲೆ ಕೆಟ್ಟುಹೋಗಿತ್ತು.

"ಯಾವ ಶೀಲ್ಡು ಗಂಗಣ್ಣ? ಗಾಡಿ ತಗೊಳಕ್ಕೆ ಬಂದಿದ್ರು ಕಣಯ್ಯಾ ಅವರು. ನೀನು ಬಾಯ್ ಮುಚ್ಕೊಂಡಿದ್ದಿದ್ರೆ ಇಷ್ಟೊತ್ತಿಗೆ ವ್ಯಾಪಾರ ಆಗ್ತಿತ್ತು."

ಗಂಗಹನುಮಯ್ಯ ಗಾಡಿಯ ಕಡೆ ತಿರುಗಿದ. ನಲವತ್ತನಾಲ್ಕು ಹದಿನೇಳು ಹಾರ ಹಾಕಿಕೊಂಡು ನಗುತ್ತಾ ನಿಂತಿತ್ತು. ಅದನ್ನು ಕಂಡು ಅವನಿಗೆ ನಿಜವಾಗಿಯೂ ಅಳು ಬಂತು.

ಆಗ ಸುಮ್ಮನಿದ್ದಿದ್ದರೆ ಚನ್ನವೀರೇಶ್ ಬಸ್ಸು ಹತ್ತಿ ತಿಪಟೂರಿಗೆ ಹೋಗುತ್ತಿದ್ದರು, ಗಾಡಿ ಇನ್ನಷ್ಟು ದಿನ ಉಳಿಯುತ್ತಿತ್ತು. ಆದರೆ ವ್ಯಾಪಾರ ಮುರಿದುಹೋಗಿದೆ ಎನ್ನುವುದು ಅವನ ತಲೆಗೆ ಹತ್ತಲೇ ಇಲ್ಲ. ಕೊಳ್ಳಲು ಬಂದಿದ್ದಾರೆ ಎನ್ನುವುದು ಮಾತ್ರ ಹತ್ತಿತು. ಬೀದಿಯ ಕೊನೆ ಮುಟ್ಟಿದ್ದ ಚನ್ನವೀರೇಶರ ಹಿಂದೆ ಓಡಿಹೋಗಿ ದಾರಿಗಡ್ಡ ನಿಂತ.

"ಸಾರ್, ನಾನು ಇಷ್ಟೊತ್ತು ಹೇಳಿದ್ದೆಲ್ಲ ಸುಳ್ಳು. ಈ ಗಾಡಿ ತಗೋಬೇಡಿ."

ಚನ್ನವೀರೇಶ್ ನಿಂತರು. ಹಾಗೇ ವಾಪಸ್ಸು ಬಂದು ಸೈಟಿನ ಕಲ್ಲಿನ ಮೇಲೆ ಕೂತು, ಇನ್ನೊಂದು ಲೋಟ ಮಜ್ಜಿಗೆ ಇದ್ದರೆ ಕೊಡಮ್ಮ ಎಂದು ಮುನಿತಾಯಮ್ಮನನ್ನು ಕೇಳಿದರು. ಆಮೇಲೆ ಗಂಗಹನುಮಯ್ಯನ ಕಡೆ ತಿರುಗಿ, ಏನು ತೊಂದರೆ, ಒಂದೊಂದಾಗಿ ಹೇಳು ಎಂದರು.

ಅವನು ಲಾರಿಗೆ ಒರಗಿ ನಿಂತು ಒಂದೊಂದಾಗಿ ಹೇಳಿದ. ಏರು ಬಂದರೆ ಏದುಸಿರು ಬಿಡುತ್ತದೆ. ರೇಡಿಯೇಟರು ಕುದಿಯುತ್ತದೆ. ಮಳೆ ಬಂದರೆ ಸ್ಟಾರ್ಟಾಗುವುದಿಲ್ಲ. ಆಯಿಲನ್ನು ನೀರು ಕುಡಿದ ಹಾಗೆ ಕುಡಿಯುತ್ತದೆ. ಇಷ್ಟು ಹೇಳುವಾಗ ಅವನ ಬಲಗೈ ಬೆನ್ನ ಹಿಂದೆ ಲಾರಿಯ ಮಡ್‌ಗಾರ್ಡನ್ನು ಸವರುತ್ತಿತ್ತು, ಒಂದೊಂದು ಸುಳ್ಳಿಗೆ ಒಂದೊಂದು ಸಲ. ಬೀದಿಯವರಿಗೆ ಅದು ಕಾಣಲಿಲ್ಲ. ಪಕ್ಕದಲ್ಲೇ ಕೂತಿದ್ದ ಚನ್ನವೀರೇಶರಿಗೆ ಕಂಡಿತು.

ಕೋಕಿಲಾ ಮೇಡಮ್ಮಿಗೆ ಮಾತ್ರ ಇದು ಸಹಿಸಲು ಆಗಲಿಲ್ಲ. ಪರೀಕ್ಷೆಯ ದಿನ ಜಾಣ ಹುಡುಗನೇ ತಪ್ಪು ಉತ್ತರ ಹೇಳುತ್ತಿದ್ದಾನಲ್ಲ ಎಂದು ಅವರು ಸ್ಕೇಲಿನಿಂದ ಚಾರ್ಟು ತಟ್ಟಿದರು.

"ಗಂಗಣ್ಣ, ರೇಡಿಯೇಟರ್ ಬಗ್ಗೆ ನೀವು ನೆನ್ನೆ ಹೇಳಿದ್ದು ಹಾಗಲ್ಲ. ಐದನೇ ಸಾಲು ನೋಡಿ."

ಗಂಗಹನುಮಯ್ಯ ಐದನೇ ಸಾಲಿನ ಕಡೆ ನೋಡಲೇ ಇಲ್ಲ. ಗೇರ್ ಬಾಕ್ಸಂತೂ ಪೂರ್ತಿ ಹೋಗಿದೆ, ಬೇಕಾದರೆ ಕೇಳಿಸುತ್ತೇನೆ ಎಂದು ಚಪ್ಪಲಿ ಬಿಟ್ಟು ಕ್ಯಾಬಿನ್ನಿಗೆ ಹತ್ತಿದ. ಕೀ ತಿರುಗಿಸಿದ. ಗಾಡಿ ಅರ್ಧ ಸುತ್ತಿಗೇ ಸ್ಟಾರ್ಟಾಗಿ ಸಣ್ಣಗೆ ಗುನುಗತೊಡಗಿತು. ಕ್ಲಚ್ ಒತ್ತದೆ ಗೇರ್ ತಳ್ಳಿದರೆ ಹಲ್ಲು ಕಡಿದಂಥ ಸದ್ದು ಬರುತ್ತದೆ, ಡ್ರೈವಿಂಗ್ ಕಲಿಯುವವರು ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು. ಅವನು ಮನಸ್ಸು ಗಟ್ಟಿ ಮಾಡಿಕೊಂಡು, ಕಣ್ಣು ಮುಚ್ಚಿ, ಗೇರಿನ ಕಡ್ಡಿಗೆ ಕೈಹಾಕಿದ. ಎಡಗಾಲು ತಾನಾಗಿಯೇ ಹೋಗಿ ಕ್ಲಚ್ ಒತ್ತಿತು. ಗೇರು ಬೆಣ್ಣೆಯ ಹಾಗೆ ಬಿತ್ತು. ಇನ್ನೊಂದು ಸಲ ಪ್ರಯತ್ನಿಸಿದ. ಮತ್ತೆ ಒತ್ತಿತು. ಮೂರನೇ ಸಲ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಗ ಗೇರ್ ಹಾಕಲು ಕೈ ಇರಲಿಲ್ಲ.

ಕಾಂಪೌಂಡಿನ ಮೇಲಿದ್ದವರು ಇದೇನು ಕಸರತ್ತು ಎಂದು ಬಗ್ಗಿ ಬಗ್ಗಿ ನೋಡಿದರು. ಚನ್ನವೀರೇಶ್ ಮಜ್ಜಿಗೆ ಕುಡಿದು ಮುಗಿಸಿದರು, ಅವರ ಮುಖದಲ್ಲಿ ಆಗಲೇ ತೃಪ್ತಿ ಕಾಣುತ್ತಿತ್ತು. ವ್ಯಾಪಾರ ಮತ್ತೆ ಕುದುರುತ್ತಿದೆಯೋ ಕೆಡುತ್ತಿದೆಯೋ ತಿಳಿಯದ ಉದಯಕುಮಾರ ಈ ಮೊದಲೇ ದೊಡ್ಡಣ್ಣನವರಿಗೆ ಫೋನ್ ಮಾಡಿಬಿಟ್ಟಿದ್ದ. ಅವರು ಬಾಪೂಜಿ ನಗರದ ಯಾವುದೋ ಗೃಹಪ್ರವೇಶದ ಊಟದೆಲೆ ಬಿಟ್ಟು ಹೊರಟಿದ್ದರು.

ಕಾರಿಳಿದು ಅವರು ಬಂದು ನಿಂತದ್ದು ಗಂಗಹನುಮಯ್ಯನ ಬೆನ್ನ ಹಿಂದೆ. ಅವನು ಕ್ಯಾಬಿನ್ನಿನಿಂದ ಇಳಿದು, ಇನ್ನು ಹೇಳಲು ಗಾಡಿಯಲ್ಲಿ ಭಾಗಗಳೇ ಉಳಿಯದೆ, ಕೊನೆಯದಾಗಿ ಮಾತನ್ನು ಮಾಲೀಕರ ಮೇಲೆ ತಿರುಗಿಸಿದ್ದ. ಮುನಿತಾಯಮ್ಮ ಕಣ್ಣು ಬಿಟ್ಟಳು, ಕೆಮ್ಮಿದಳು, ಲೋಟವನ್ನು ಬೇಕೆಂದೇ ಕೆಳಗೆ ಬೀಳಿಸಿದಳು. ಅವನು ನೋಡಲಿಲ್ಲ.

"ನಮ್ಮ ಯಜಮಾನ್ರನ್ನ ನಂಬಬೇಡಿ ಸಾರ್," ಎಂದ. "ಮೂರು ಸಲ ಪಲ್ಟಿ ಹೊಡೆದಿರೋ ಗಾಡಿ ಇದು. ಬಣ್ಣ ಬಳಿದು ಮುಚ್ಚಿಟ್ಟಿದಾರೆ. ಮೀಟರು ತಿರುಗಿಸಿದಾರೆ. ಅವರಂಥ ಮೋಸಗಾರರು ನಾಯಂಡಹಳ್ಳೀಲೇ ಇಲ್ಲ."

ಎಲ್ಲರ ಕಣ್ಣೂ ತನ್ನ ಹೆಗಲ ಮೇಲಿಂದ ಹಿಂದಕ್ಕೆ ಹೋಗುತ್ತಿರುವುದನ್ನು ಕಂಡು ಗಂಗಹನುಮಯ್ಯ ತಿರುಗಿದ. ದೊಡ್ಡಣ್ಣನವರು ಇನ್ನೂ ಊಟದ ಕೈ ಪೂರ್ತಿ ಒರೆಸಿಕೊಂಡಿರಲಿಲ್ಲ. ತಾವು ಹದಿನಾಲ್ಕು ವರ್ಷ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಂಡ ಮನುಷ್ಯನ ಬಾಯಿಂದ ಇಂಥ ಮಾತು ಕೇಳಿದ ಅವರ ಮುಖ ನೋಡುವ ಹಾಗಿರಲಿಲ್ಲ. ಗಂಗಹನುಮಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೊದಲು ಮಾತಾಡಿದವರು ಚನ್ನವೀರೇಶ್. ಕಲ್ಲಿನಿಂದ ಎದ್ದು ಪಂಚೆ ಕೊಡವಿಕೊಂಡು, ಗಾಡಿ ಒಪ್ಪಿಗೆಯಾಗಿದೆ ಎಂದರು. ಉದಯಕುಮಾರ ಬಾಯಿ ತೆರೆದ. ಚನ್ನವೀರೇಶ್ ಅವನಿಗೆ ತಮ್ಮ ಲೆಕ್ಕವನ್ನು ಸಮಾಧಾನವಾಗಿ ವಿವರಿಸಿದರು. ಹೊಗಳುವ ಡ್ರೈವರುಗಳನ್ನು ಬೇಕಾದಷ್ಟು ನೋಡಿದ್ದೇನೆ, ಬೈಯುವವರನ್ನೂ ನೋಡಿದ್ದೇನೆ, ಆದರೆ ಗಾಡಿಯನ್ನು ಉಳಿಸಿಕೊಳ್ಳಲು ಅನ್ನ ಹಾಕಿದ ಧಣಿಯನ್ನೇ ಬೈಯುವವನನ್ನು ಇವತ್ತೇ ನೋಡಿದ್ದು ಎಂದರು. ಆಮೇಲೆ ದೊಡ್ಡಣ್ಣನವರ ಕಡೆ ತಿರುಗಿ, ನೀವು ಬೇಸರ ಮಾಡಿಕೊಳ್ಳದಿದ್ದರೆ ಗಾಡಿಯ ಜೊತೆಗೆ ಇವನನ್ನೂ ಕಳಿಸಿಕೊಡಿ, ತಿಪಟೂರಿನಲ್ಲಿ ಇರಲು ಮನೆ ಕೊಡುತ್ತೇನೆ ಎಂದು ಕೇಳಿಬಿಟ್ಟರು.

ಬೀದಿಯವರೆಲ್ಲ ದೊಡ್ಡಣ್ಣನವರನ್ನು ನೋಡಿದರು. ದೊಡ್ಡಣ್ಣನವರು ಗಂಗಹನುಮಯ್ಯನನ್ನು ನೋಡಿದರು.

"ಗಂಗಾ, ಬೈದಿದ್ದು ಬಿಡು," ಎಂದರು. "ಒಂದು ಮಾತು ಹೇಳು. ಗಾಡಿ ಹೋಗುತ್ತೆ. ನಾನು ಇಲ್ಲೇ ಇರ್ತೀನಿ. ಬುಧವಾರ ಹೊಸ ಗಾಡಿ ಬರುತ್ತೆ, ಅದರ ಕೀ ನಿನ್ನದೇ. ನೀನು ಇರ್ತೀಯೋ, ಹೋಗ್ತೀಯೋ?"

ಗಂಗಹನುಮಯ್ಯ ಯಜಮಾನರ ಮುಖ ನೋಡಿದ. ಮುನಿತಾಯಮ್ಮನ ಆಪರೇಷನ್ನಿಗೆ ಓಡಾಡಿದವರು, ಮಗಳ ಮದುವೆಯಲ್ಲಿ ನಿಂತು ಬಡಿಸಿದವರು ಇವರು. ಅವನು ಎರಡೂ ಕೈ ಜೋಡಿಸಿ ಮುಂದೆ ಬಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಯಜಮಾನ್ರೆ, ಹದಿನಾಲ್ಕು ವರ್ಷ ನಿಮ್ಮ ಅನ್ನ ತಿಂದಿದೀನಿ. ನಿಮ್ಮನ್ನ ಬಿಟ್ಟು ನಾನು ಎಲ್ಲಿಗೆ..."

ಅಷ್ಟರಲ್ಲಿ ಚನ್ನವೀರೇಶ್, ಇವರ ಮನೆಯ ಮಾತು ತಮಗೇಕೆ ಎಂದು ಆಚೆ ಹೋಗಿ, ತೆರೆದೇ ಇದ್ದ ಕ್ಯಾಬಿನ್ನಿನ ಬಾಗಿಲನ್ನು ಹಿಡಿದು ದಢಾರನೆ ಹಾಕಿದರು.

ಗಂಗಹನುಮಯ್ಯ ಕೈ ಜೋಡಿಸಿದ್ದ ಹಾಗೇ ಗರಕ್ಕನೆ ತಿರುಗಿದ.

"ಹಾಗೆ ಹಾಕಬಾರದು ಸಾರ್ ಅದನ್ನ. ಒಂಚೂರು ಮೇಲಕ್ಕೆತ್ತಿ ಮೆಲ್ಲಗೆ ಒತ್ತಬೇಕು. ಬಿಡಿ, ನಿಮಗೆ ಗೊತ್ತಾಗಲ್ಲ. ನಾನೇ ಬರ್ತೀನಿ."

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ಅವನಿಗೇ ಅರ್ಥವಾಯಿತು. ತಿರುಗಿ ಯಜಮಾನರ ಮುಖ ನೋಡುವ ಧೈರ್ಯವಾಗದೆ ಬಾಗಿಲ ಹಿಡಿಯನ್ನೇ ಹಿಡಿದುಕೊಂಡು ನಿಂತ. ಮುನಿತಾಯಮ್ಮ ಮನೆಯೊಳಗೆ ಹೋಗಿ ಪಾತ್ರೆ ಮೂಟೆ ಕಟ್ಟತೊಡಗಿದಳು. ಕೋಕಿಲಾ ಮೇಡಂ ಚಾರ್ಟನ್ನು ಸುರುಳಿ ಸುತ್ತಿದರು.

ದೊಡ್ಡಣ್ಣನವರು ಊಟದ ಕೈಯನ್ನು ಈಗ ಪೂರ್ತಿ ಒರೆಸಿಕೊಂಡರು. ಆಮೇಲೆ ಉದಯಕುಮಾರನಿಗೆ, "ನನ್ನ ಅನ್ನ ತಿಂತಾ ಇದಾನೆ ಅಂದ್ಕೊಂಡಿದ್ದೆ ಕಣಯ್ಯಾ. ಅವನು ತಿಂದಿದ್ದು ಗಾಡಿ ಅನ್ನ," ಎಂದರು. ನಗಲು ನೋಡಿದರು, ಆಗಲಿಲ್ಲ. ವ್ಯಾಪಾರ ಕುದುರಿದರೆ ಬೇಕಾಗುತ್ತದೆಂದು ಬೆಳಿಗ್ಗೆಯೇ ಕಚೇರಿಯ ಬೀರುವಿನಿಂದ ತೆಗೆದಿಟ್ಟುಕೊಂಡಿದ್ದ ಎರಡನೇ ಕೀಯನ್ನು ಜೇಬಿನಿಂದ ತೆಗೆದರು. ಚನ್ನವೀರೇಶ್ ಕೈ ಚಾಚಿದರು. ದೊಡ್ಡಣ್ಣನವರು ಅವರನ್ನು ದಾಟಿ ಮುಂದೆ ಹೋಗಿ, ಅದನ್ನು ಗಂಗಹನುಮಯ್ಯನ ಕೈಯಲ್ಲಿಟ್ಟರು.